ಕುರ್ಚಿ ಹಾಕಿದ ನೆಲ

ಆಕಾಶದಿಂದ ತೆಗೆದ ಚಿತ್ರದಲ್ಲಿ ಕಣಿವೆಯ ಆಲಿವ್ ತೋಟಗಳೆಲ್ಲ ಈಗಷ್ಟೇ ಬಾಚಿದ ತಲೆಗಳಂತೆ ಕಾಣುತ್ತಿದ್ದವು. ನಡುವೆ ಒಂದು ತುಂಡು ಮಾತ್ರ ಬೋಳಾಗಿ ಬಿಳಿಚಿಕೊಂಡಿತ್ತು. ಅದು ತನ್ನದೆಂದು ವದಾದ್‌ಗೆ ಯಾರೂ ಹೇಳಬೇಕಾಗಲಿಲ್ಲ.

"ಮಿಸ್, ಇದನ್ನೇ ಸರ್ಕಾರದವರು ಕೋರ್ಟಿಗೆ ಕೊಟ್ಟಿರೋದು," ಎಂದಳು ವಕೀಲೆ ನಿವೀನ್. ಹಿಂದೆ ವದಾದ್ ಬಳಿ ಜೀವಶಾಸ್ತ್ರ ಓದಿದವಳು. ಈಗಲೂ ಟೀಚರ ಎದುರು ಕಾಲ ಮೇಲೆ ಕಾಲು ಹಾಕಿ ಕೂರುತ್ತಿರಲಿಲ್ಲ. "ವರ್ಷಗಟ್ಟಲೆ ಉತ್ತಿಲ್ಲ, ಅದಕ್ಕೇ ಇದು ಸರ್ಕಾರಿ ಜಮೀನು ಅಂತ ವಾದ. ತುರ್ಕರ ಕಾಲದ ಕಾನೂನು. ತುರ್ಕರು ಹೋದ್ರು, ಅವರ ಕಾನೂನು ಇವರಿಗೆ ಅನುಕೂಲಕ್ಕೆ ಬಂತು."

"ಸುತ್ತ ಮರ ಇಲ್ವೇನಮ್ಮ?" ಎಂದ ವದಾದ್‌ಳ ತಮ್ಮ ಮಿತ್ರಿ. "ನಮ್ಮಜ್ಜನ ಅಜ್ಜ ನೆಟ್ಟಿದ್ದು. ಅವರ ವಿಮಾನಕ್ಕೆ ಬೋಳು ಕಂಡಿತು, ಮರ ಕಾಣಲಿಲ್ವಾ?"

"ಮರ ತಾನಾಗೇ ನಿಂತಿದೆ, ಮನುಷ್ಯರು ಬಿಟ್ಟುಹೋಗಿದ್ದಾರೆ ಅಂತಾರೆ."

ಮಿತ್ರಿ ಅಕ್ಕನ ಮುಖ ನೋಡಿದ. ಬಾಯಿಬಿಟ್ಟು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಬಿಟ್ಟುಹೋದದ್ದಲ್ಲ ಅದು. ನೆಲ ಆಕ್ರಮಿಸಿದವರು ಗುಡ್ಡದ ಮೇಲೆ ಕಟ್ಟಿಕೊಂಡ ವಸಾಹತಿಗೆ ಈ ಕಣಿವೆಯ ಮೇಲೆಯೇ ರಸ್ತೆ ಬರುತ್ತದೆಂದು ಗೊತ್ತಾದಾಗ, ಊರಿನ ಪಾದ್ರಿ ಅಬೂನಾ ಬಿಶಾರಾ ಪ್ರತಿ ಶುಕ್ರವಾರ ಮಧ್ಯಾಹ್ನ ತೋಟದಲ್ಲೇ ಪ್ರಾರ್ಥನೆ ಇಡೋಣ ಎಂದಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ತೋಟಗಳಲ್ಲಿ ಎಲ್ಲಕ್ಕಿಂತ ಅಗಲವಾದ ಹಂತ ವದಾದ್‌ಳದು. ಮೊದಮೊದಲು ಊರವರಷ್ಟೇ ಮರಗಳ ನಡುವೆ ನಿಂತು ನ್ಯಾಯಕ್ಕಾಗಿ, ಶಾಂತಿಗಾಗಿ ಬೇಡಿದರು. ಆಮೇಲೆ ಸುದ್ದಿ ಹಬ್ಬಿತು. ಹೊರದೇಶದ ಸಭೆಗಳಿಂದ ಅತಿಥಿಗಳು ಬಂದರು, ಅವರಿಗೆಂದು ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಉತ್ತ ಹೆಂಟೆಗಳ ಮೇಲೆ ಕುರ್ಚಿ ನಿಲ್ಲಲಿಲ್ಲ. ವಯಸ್ಸಾದ ಒಬ್ಬ ಬಿಷಪ್ಪರು ಕುರ್ಚಿ ಸಮೇತ ಹಿಂದಕ್ಕೆ ಮಗುಚಿದ ಮೇಲೆ, "ಈ ಸಲ ಇಷ್ಟು ಜಾಗ ಉಳೋದು ಬೇಡ ವದಾದ್, ದೇವರ ಕೆಲಸಕ್ಕೆ ಬಿಟ್ಟುಕೊಡಿ," ಎಂದು ಅಬೂನಾ ಕೇಳಿಕೊಂಡರು. ಅವಳು ಒಪ್ಪಿದಳು. ರೊಟ್ಟಿ ದ್ರಾಕ್ಷಾರಸಗಳನ್ನು ಎತ್ತಿ ಹರಸಿದ ಜಾಗಕ್ಕೆ ನೇಗಿಲು ಹಾಕಲು ಅವಳಿಗೂ ಮನಸ್ಸು ಬಂದಿರಲಿಲ್ಲ. 'ಈ ಸಲ' ಎಂದದ್ದು ಮುಂದಿನ ಸಲಕ್ಕೂ, ಅದರಾಚೆಗೂ ನಡೆಯಿತು.

ತುಳಿದು ತುಳಿದು ಗಟ್ಟಿಯಾದ ಮಣ್ಣಿನಲ್ಲಿ ಗಾಳಿ ಆಡುವುದಿಲ್ಲ, ನೀರು ಇಳಿಯುವುದಿಲ್ಲ ಎಂದು ಮಕ್ಕಳಿಗೆ ಜೀವಮಾನವಿಡೀ ಪಾಠ ಹೇಳಿದವಳು ಅವಳು. ಮೊದಲ ಮಳೆಯ ನೀರು ಆ ನೆಲದ ಮೇಲೆ ನಿಲ್ಲದೆ ಕೆಳಗಿನ ಕಲ್ಲುಗೋಡೆಯತ್ತ ಓಡಿದ್ದನ್ನು ಕಣ್ಣಾರೆ ಕಂಡಿದ್ದಳು. ಬೇರುಗಳ ಬಗ್ಗೆ ಯೋಚಿಸಿದ್ದಳು. ಕಾನೂನಿನ ಬಗ್ಗೆ ಯೋಚಿಸಿರಲಿಲ್ಲ.

"ಸೈನಿಕರು ಬಿಡಲಿಲ್ಲ, ಅದಕ್ಕೇ ಉಳಲಿಲ್ಲ ಅಂತ ಹೇಳಬಹುದಲ್ಲ?" ಎಂದಳು ವದಾದ್.

ನಿವೀನ್ ಇನ್ನೊಂದು ಚಿತ್ರ ಮುಂದೆ ತಳ್ಳಿದಳು. ಸಾಲು ಸಾಲು ಕುರ್ಚಿ, ಬಿಳಿ ಬಟ್ಟೆ ಹಾಸಿದ ಬಲಿಪೀಠ, ಕಣ್ಣುಮುಚ್ಚಿ ನಿಂತ ಅತಿಥಿಗಳು. ಮುಂದಿನ ಸಾಲಿನಲ್ಲಿ ವದಾದ್. "ಇದೂ ಅವರೇ ಕೊಟ್ಟಿದ್ದು ಮಿಸ್. ಇಷ್ಟು ಜನ ಪ್ರತಿ ವಾರ ನಿರಾತಂಕವಾಗಿ ಹೋಗಿಬರ್ತಾರೆ, ಯಾರು ತಡೆದಿದ್ದಾರೆ ಇವರನ್ನ ಅಂತ ಕೇಳ್ತಾರೆ."

ಮಿತ್ರಿ ನಕ್ಕ. ಆ ನಗು ಕೇಳಲು ಚೆನ್ನಾಗಿರಲಿಲ್ಲ. "ಬೇಡಿಕೊಂಡಿದ್ದು ನಾವು, ಕೇಳಿಸಿಕೊಂಡಿದ್ದು ಅವರು."

"ಮೇಲ್ಮನವಿ ವಿಚಾರಣೆ ಈಸ್ಟರ್ ಆದಮೇಲೆ," ಎಂದಳು ನಿವೀನ್. "ಅಷ್ಟರೊಳಗೆ ಆ ಜಾಗ ಉತ್ತುಬಿಡಿ. ಅವರು ಬಂದು ತಡೆದರೆ ಇನ್ನೂ ಒಳ್ಳೇದು. ತಡೀತಾರೆ ಅನ್ನೋದಕ್ಕೆ ಸಾಕ್ಷಿ ಬೇಕು ನಮಗೆ. ಮನೆಯವರ ಮಾತು ನಡೆಯಲ್ಲ, ಹೊರಗಿನವರು ನೋಡಿರಬೇಕು."

ಅಂದು ಸಂಜೆಯೇ ವದಾದ್ ಅಬೂನಾರ ಬಳಿ ಹೋದಳು. ಅವರು ಶುಕ್ರವಾರದ ಅತಿಥಿಗಳ ಊಟದ ಮಕ್ಲೂಬೆ ಅನ್ನಕ್ಕೆ ಎಷ್ಟು ಕೋಳಿ ಬೇಕೆಂದು ಅಡುಗೆಯವಳೊಂದಿಗೆ ಚರ್ಚಿಸುತ್ತಿದ್ದರು. ವಿಷಯ ಕೇಳಿ ಅವರ ಮುಖ ಸಪ್ಪಗಾಯಿತು.

"ಇದೊಂದು ಶುಕ್ರವಾರ ಕಳೀಲಿ ವದಾದ್. ಅಷ್ಟು ದೂರದಿಂದ ಬರ್ತಿದ್ದಾರೆ ಪಾಪ. ನಮ್ಮ ಕಷ್ಟ ನೋಡೋಕೇ ಬರ್ತಿರೋದು."

"ನೋಡಲಿ ಅಬೂನಾ. ನಿಂತು ನೋಡಲಿ."

ಶುಕ್ರವಾರ ಬೆಳಿಗ್ಗೆ ಮಿತ್ರಿ ಹೇಸರಗತ್ತೆಗೆ ನೇಗಿಲು ಹೂಡಿದ. ಗುಳ ನೆಲಕ್ಕೆ ತಾಗಿ ಕಲ್ಲಿಗೆ ತಾಗಿದಂತೆ ಕಿರ್ರೆಂದಿತು. ವದಾದ್ ಮುಂದೆ ಮುಂದೆ ಗುದ್ದಲಿಯಿಂದ ಕೆದಕುತ್ತ ಹೋದಳು, ಅವನು ಹಿಂದೆ ಉಳುತ್ತ ಬಂದ. ಅತಿಥಿಗಳ ಬಸ್ಸು ಬರುವ ಹೊತ್ತಿಗೆ ಅರ್ಧ ನೆಲ ಎದ್ದಿತ್ತು. ಕುರ್ಚಿ ಹಾಕಲು ಜಾಗವಿಲ್ಲದೆ ಜನ ಅಂಚಿನಲ್ಲಿ ನಿಂತರು. ಮೇಲಿನ ಹಾದಿಯಲ್ಲಿ ಸೇನೆಯ ಜೀಪೂ ಬಂದು ನಿಂತಿತು.

ವದಾದ್ ಆ ಕಡೆಯೇ ನೋಡುತ್ತಿದ್ದಳು. ಬರಲಿ, ಬಂದು ತಡೆಯಲಿ, ಇಷ್ಟು ಜನರ ಎದುರಿಗೇ ತಡೆಯಲಿ ಎಂದು ಅವಳ ಮನಸ್ಸು ಒಂದೇ ಸಮನೆ ಹೇಳುತ್ತಿತ್ತು. ಅದು ಪ್ರಾರ್ಥನೆಯೇ ಆಗಿತ್ತು. ಅಷ್ಟು ಏಕಾಗ್ರತೆಯಿಂದ ಅವಳು ಎಂದೂ ಬೇಡಿಕೊಂಡಿರಲಿಲ್ಲ.

ಅಧಿಕಾರಿ ಇಳಿದು ಬಂದ. ವಯಸ್ಸು ಚಿಕ್ಕದು, ನಡವಳಿಕೆ ಮರ್ಯಾದೆಯದು. ಅವಳು ಬಾಯಿ ತೆರೆಯುವ ಮೊದಲೇ ಅಬೂನಾ ಎರಡೂ ಕೈ ಮುಂದೆ ಚಾಚಿ ಅವನತ್ತ ಧಾವಿಸಿದರು. "ಗಲಾಟೆ ಏನಿಲ್ಲ, ನಾವು ಬಂದಿರೋದು ಪ್ರಾರ್ಥನೆಗೆ ಅಷ್ಟೇ."

"ಮಾಡಿ, ಮಾಡಿ," ಎಂದ ಅವನು, ಅತಿಥಿಗಳಿಗೂ ಕೇಳುವಂತೆ. "ನಿಮ್ಮನ್ನ ಇಲ್ಲಿ ಯಾರೂ ತಡೆಯಲ್ಲ."

ವದಾದ್ ಸುಮ್ಮನಿರಲಿಲ್ಲ. ಮಿತ್ರಿಯ ಕೈಯಿಂದ ಮೇಣಿ ಕಿತ್ತುಕೊಂಡು, ಅಧಿಕಾರಿಯ ಬೂಟಿನ ಪಕ್ಕದಲ್ಲೇ ಒಂದು ಸಾಲು ಎಳೆದಳು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅತಿಥಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತ ಫೋಟೊ ತೆಗೆದಳು: ಉಳುವ ಮುದುಕಿ, ದಾರಿ ಬಿಟ್ಟ ಸೈನಿಕ. ಎಂಥ ಶಾಂತಿಯ ಚಿತ್ರ.

ಬಿನ್ನಹಗಳನ್ನು ಓದುವ ಸರದಿ ಎಂದಿನಂತೆ ವದಾದ್‌ಳದೇ. ಮಣ್ಣು ಮೆತ್ತಿದ ಕೈಯಲ್ಲಿ ಹಾಳೆ ಹಿಡಿದು ಓದಿದಳು. "ಆಕ್ರಮಣದಡಿ ಬದುಕುವವರಿಗೆ ನ್ಯಾಯ ದೊರಕಲಿ." ಜನ "ಪ್ರಭುವೇ, ನಮ್ಮ ಮೊರೆ ಕೇಳು" ಎಂದರು. ಅಧಿಕಾರಿ ಟೋಪಿ ತೆಗೆದು ನಿಂತಿದ್ದ.

ಬಸ್ಸು ಅತಿಥಿಗಳನ್ನೂ ಅಬೂನಾರನ್ನೂ ಊಟಕ್ಕೆ ಕರೆದೊಯ್ದಿತು. ಊರವರೂ ಬಡಿಸಲೆಂದು ಹಿಂದೆಯೇ ಹೊರಟರು. ಉಳಿದರ್ಧ ಉತ್ತು ಬರುತ್ತೇವೆಂದು ಅಕ್ಕ ತಮ್ಮ ಇಬ್ಬರೇ ಉಳಿದರು. ಬಸ್ಸಿನ ಸದ್ದು ತಿರುವಿನಲ್ಲಿ ಅಡಗಿದ ಮೇಲೆ ಅದೇ ಅಧಿಕಾರಿ ಮತ್ತೆ ಇಳಿದು ಬಂದ. ಈ ಸಲ ಟೋಪಿ ತಲೆಯ ಮೇಲಿತ್ತು.

"ಸಾಕು. ಇಲ್ಲಿಂದ ಹೊರಡಿ."

"ಆಗ ಯಾರೂ ತಡೆಯಲ್ಲ ಅಂದಿದ್ದೆಯಲ್ಲ?"

"ಪ್ರಾರ್ಥನೆಗೆ ಅಂದಿದ್ದೆ."

ಮಿತ್ರಿ ಫೋನು ತೆಗೆಯುತ್ತಿದ್ದಂತೆ ಜೀಪಿನಿಂದ ಇಳಿದ ಸೈನಿಕನೊಬ್ಬ ಅದನ್ನು ಕಿತ್ತುಕೊಂಡ. ಇನ್ನೊಬ್ಬ ಹೇಸರಗತ್ತೆಯ ಹಗ್ಗ ಕೊಯ್ದು ಅದನ್ನು ಓಡಿಸಿದ. ನೇಗಿಲು ಜೀಪಿನ ಹಿಂಬದಿಗೆ ಹೋಯಿತು. ಕಣಿವೆಯಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ.

ಸಂಜೆ ಅಬೂನಾ ತಾವಾಗಿಯೇ ಅವಳ ಮನೆಗೆ ಬಂದರು. ಎಲ್ಲ ಕೇಳಿಸಿಕೊಂಡು ತಲೆಯ ಮೇಲೆ ಕೈ ಇಟ್ಟುಕೊಂಡರು.

"ಕೋರ್ಟಿನಲ್ಲಿ ನೀವು ಹೇಳ್ತೀರಾ ಅಬೂನಾ? ತಡೆದರು ಅಂತ?"

"ಬೈಬಲ್ ಮುಟ್ಟಿ ಹೇಗೆ ಹೇಳಲಿ ವದಾದ್? ನಾನು ಕಣ್ಣಾರೆ ನೋಡಿಲ್ಲವಲ್ಲ. ನಾನು ನೋಡಿದ್ದು ಅವನು ದಾರಿ ಬಿಟ್ಟಿದ್ದನ್ನ."

"ಊಟ ಚೆನ್ನಾಗಿತ್ತಾ?" ಎಂದ ಮಿತ್ರಿ ಮೂಲೆಯಿಂದ.

ಅಬೂನಾ ವದಾದ್‌ಳತ್ತಲೇ ತಿರುಗಿದರು. "ಮುಂದಿನ ಶುಕ್ರವಾರ ನಿಮಗಾಗಿಯೇ ವಿಶೇಷ ಪ್ರಾರ್ಥನೆ ಇಡ್ತೀನಿ," ಎಂದರು.

"ಶುಕ್ರವಾರ ಬೇಡ," ಎಂದಳು ವದಾದ್. ಈ ಮನುಷ್ಯ ಸುಳ್ಳು ಹೇಳುವವನಾಗಿದ್ದರೆ ಎಷ್ಟು ಸಲೀಸಾಗಿತ್ತು ಎಂದು ಅವಳಿಗೆ ಅನಿಸಿತು. "ಸೋಮವಾರ ಬನ್ನಿ. ನಿಲುವಂಗಿ ಬೇಡ, ಬಲಿಪೀಠ ಬೇಡ, ಅತಿಥಿಗಳು ಬೇಡ. ಗುದ್ದಲಿ ತನ್ನಿ. ನಾನೂ ಮಿತ್ರಿಯೂ ಅಗೀತೀವಿ, ನೀವೂ ಅಗೀರಿ. ಏನು ಮಾಡ್ತಿದ್ದೀರಿ ಅಂತ ಆ ಅಧಿಕಾರಿ ಕೇಳಿದರೆ, ಪ್ರಾರ್ಥನೆ ಅಂತ ಮಾತ್ರ ಅನ್ನಬೇಡಿ."

ಅಬೂನಾ ತಮ್ಮ ಮೆತ್ತಗಿನ ಅಂಗೈಗಳನ್ನು ನೋಡಿಕೊಂಡರು. "ಬರ್ತೀನಿ," ಎಂದರು ಕೊನೆಗೆ. ಬಾಗಿಲ ತನಕ ಹೋಗಿ ತಿರುಗಿ ನಿಂತರು. "ನಾನಿದ್ದರೂ ತಡೀತಾರೆ ಅಂತೀರಾ?"

"ದೇವರು ಕಣ್ಣುಬಿಟ್ಟರೆ ತಡೀತಾರೆ ಅಬೂನಾ," ಎಂದಳು ವದಾದ್.