ಅಂಕಮ್ಮ ಕೂರಬೇಕಿದ್ದ ಬೆಂಚು

ಸತ್ತವರ ಮನೆಯ ಮಾತನ್ನು, ಅದರಲ್ಲೂ ಒಂದು ಹೆಣ್ಣುಮಗಳ ನೋವು ಸೇರಿಕೊಂಡ ಮಾತನ್ನು, ಹೀಗೆ ಹೊರಗೆ ಹೇಳುವುದು ಸರಿಯೋ ತಪ್ಪೋ ತಿಳಿಯದು. ತಪ್ಪಾಗಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ವಾಣಿ ಎದ್ದುಹೋಗಿ ಬಾಗಿಲಲ್ಲಿ ನಿಂತ ಹುಡುಗಿಯನ್ನು ಬಾಚಿ ತಬ್ಬಿಕೊಂಡಳು. ಸೇಲಂನ ಆ ಕನ್ನಡ ನೇಕಾರರ ಬೀದಿಯಲ್ಲಿ ಸಾವಿನ ಮನೆಗೆ ಯಾವ ಹೆಂಗಸು ಬಂದರೂ ಮನೆಯವಳು ಅವಳ ಕೊರಳಿಗೆ ಬಿದ್ದು ಅಳಬೇಕು, ಬಂದವಳೂ ಅಳಬೇಕು. ತಾಯಿ ಅಂಕಮ್ಮನನ್ನು ನಡುಮನೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದಾಗಿನಿಂದ ವಾಣಿ ಅದನ್ನೇ ಮಾಡುತ್ತಿದ್ದಳು. ಆದರೆ ಈ ಹುಡುಗಿಯ ಮೈ ಕಟ್ಟಿಗೆಯಂತೆ ಸೆಟೆದುಕೊಂಡಿತು. ವಾಣಿಯನ್ನು ಬಲವಾಗಿ ತಳ್ಳಿ, ಹಿಂದಿನ ಕೋಣೆಗೆ ಓಡಿ, ಹಳೆಯ ಮಗ್ಗದ ಕೆಳಗೆ ನೇಯುವವರು ಕಾಲು ಇಳಿಬಿಡುವ ಗುಂಡಿಯೊಳಗೆ ಇಳಿದು ಕುಕ್ಕರಿಸಿದಳು.

“ಅಯ್ಯೋ, ಏನಿದು! ಎಣದ ಮುಂದೆ ತಳ್ಳೋದಾ?” ಎಂದಳು ಪಕ್ಕದ ಮನೆಯ ಎಲ್ಲಮ್ಮ.

“ಅಕ್ಕ ಅಡುಗೆಗೆ ಓಗ್ತಿದ್ದ ಓಮಿನ ಉಡ್ಗಿ ಅದು,” ಎಂದ ಅಂಕಮ್ಮನ ತಮ್ಮ ತಿಮ್ಮರಾಜು. “ಬರೀ ತಲೆನೋವು. ಆಚೆ ಕಳ್ಸಿ. ಇನ್ನೇನ್ ಎತ್ತೋ ಒತ್ತಾಯ್ತು.”

ಹುಡುಗಿಯ ಜೊತೆ ಬಂದಿದ್ದವಳು ಇಂದುಜಾ, ಆ ಹೋಮಿನ, ಅಂದರೆ ಆಶ್ರಯಮನೆಯ, ಕೌನ್ಸೆಲರ್. ಅವಳು ಕೋಣೆಯೊಳಕ್ಕೆ ನುಗ್ಗಲಿಲ್ಲ. ಹೊಸ್ತಿಲಿನ ಈಚೆಯೇ ನಿಂತು ತಮಿಳಿನಲ್ಲಿ ಮೆಲ್ಲಗೆ ಹೇಳಿದಳು: “ಸರಿತಾ, ಇದು ಅಂಕಮ್ಮನ ಮನೆ. ಹಿಂದಿನ ಬಾಗಿಲು ತೆರೆದೇ ಇದೆ. ನಾನು ಇಲ್ಲೇ ಇದ್ದೇನೆ.” ಆಮೇಲೆ ವಾಣಿಯ ಕಡೆ ತಿರುಗಿದಳು. “ತಪ್ಪು ನನ್ನದು. ನಿಮಗೆ ಮೊದಲೇ ಹೇಳಬೇಕಿತ್ತು. ಕೇಳದೆ ಯಾರಾದರೂ ಮುಟ್ಟಿದರೆ ಅವಳಿಗೆ ತಡೆಯಲು ಆಗುವುದಿಲ್ಲ.”

ಸರಿತಾ ಮೆಟ್ಟೂರು ಕಡೆಯ ಹಳ್ಳಿಯವಳು. ಗಿರಣಿ ಕೆಲಸವೆಂದು ಕರೆದೊಯ್ದವನು ಅವಳನ್ನು ದೂರದ ಊರಿನಲ್ಲಿ, ಹೊರಗಿನಿಂದ ಚಿಲಕ ಹಾಕುವ ಮನೆಯೊಂದಕ್ಕೆ ಒಪ್ಪಿಸಿದ್ದ. ಬಿಡಿಸಿಕೊಂಡು ಬಂದ ಮೇಲೆ ಅವಳಿಗೆ ಉಳಿದ ಮಾತೆಲ್ಲ ತಮಿಳಿನಲ್ಲಿ ಬರುತ್ತಿತ್ತು, ಅಲ್ಲಿ ನಡೆದದ್ದೊಂದು ಮಾತ್ರ ಮನೆಯ ಕನ್ನಡದಲ್ಲೇ. ಇಂದುಜಾಳಿಗೆ ಕನ್ನಡ ಬಾರದು. ಹಾಗಾಗಿ ಅಡುಗೆಮನೆಯಿಂದ ಅಂಕಮ್ಮನನ್ನು ಕರೆದಿದ್ದರು.

“ಮೊದಲ ದಿನ ಅಮ್ಮನೂ ನಿಮ್ಮ ಹಾಗೇ ತಬ್ಬಿಕೊಂಡುಬಿಟ್ಟರು,” ಎಂದಳು ಇಂದುಜಾ. “ಅವರ ಕೈಯ ಅಡುಗೆಯನ್ನು ಇವಳು ಎಷ್ಟೋ ದಿನ ಮುಟ್ಟಲಿಲ್ಲ. ಅಮ್ಮ ಅತ್ತು, ನಮ್ಮ ಟ್ರೈನಿಂಗಿಗೆ ಬಂದು ಹಿಂದೆ ಕೂತರು. ಅಲ್ಲಿಂದ ಮೇಲೆ ಯಾರನ್ನೂ ಕೇಳದೆ ಮುಟ್ಟಿದ್ದಿಲ್ಲ. ಹತ್ತಿರ ಕೂರುವುದಕ್ಕೂ ಕೇಳುತ್ತಿದ್ದರು.”

ವಾಣಿ ಗೋಡೆಗೆ ಒರಗಿದಳು.

*

ಒಂದು ಸಲ ಗಂಡನ ಜೊತೆ ಜಗಳವಾಗಿ ವಾಣಿ ತಾರಮಂಗಲದಿಂದ ಬಸ್ಸು ಹತ್ತಿ ಬಂದಿದ್ದಳು. ಚಾಪೆಯ ಮೇಲೆ ಬಿದ್ದು ಬಿಕ್ಕುತ್ತಿದ್ದರೆ ಅಂಕಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

“ಪಕ್ಕದಲ್ಲಿ ಕೂರ್ಲಾ ಮಗಾ? ಇಲ್ಲಾ ಇಲ್ಲೇ ನಿಂತಿರ್ಲಾ?”

“ಇದೇನ್ ಆಪೀಸಾ, ಪರ್ಮಿಶನ್ ಕೇಳೋಕೆ?” ವಾಣಿ ಸಿಡಿದಿದ್ದಳು. “ಆ ಓಮಿನ ಮಕ್ಳನ್ನ ತಬ್ಕೊಂಡು ತಬ್ಕೊಂಡು ನಿನ್ ಕೈ ಸೋತೈತೆ. ಎತ್ತ ಮಗಳಿಗೆ ಏನೂ ಉಳ್ದಿಲ್ಲ.”

ಅಂಕಮ್ಮ ಹತ್ತಿರ ಬರಲಿಲ್ಲ. ಹೋಗಲೂ ಇಲ್ಲ. ಒಲೆಯ ಮೇಲಿನ ಬೇಳೆ ಸೀದು ಮನೆಯೆಲ್ಲ ಹೊಗೆ ತುಂಬುವ ತನಕ ಅಲ್ಲೇ ನಿಂತಿದ್ದಳು. ಅವ್ವ ಬದಲಾಗಿದ್ದಾಳೆ, ಪರರಂತೆ ಆಗಿದ್ದಾಳೆ ಎಂದು ವಾಣಿ ಗಂಡನ ಮನೆಗೆ ಮರಳಿದ ಮೇಲೂ ಹೇಳಿಕೊಂಡು ತಿರುಗಿದ್ದಳು.

*

“ಅಕ್ಕಾ,” ಗುಂಡಿಯೊಳಗಿಂದ ದನಿ ಬಂತು. “ಬೇಕೂಂತ ತಳ್ಳಿಲ್ಲ.”

“ಗೊತ್ತಾಯ್ತು ಬಿಡು.” ವಾಣಿ ಹೊಸ್ತಿಲ ಬಳಿ ನೆಲಕ್ಕೆ ಕುಳಿತಳು.

“ಇವತ್ತು ಮಧ್ಯಾಹ್ನ ನನ್ ಸಾಕ್ಷಿ ಐತೆ. ಅಂಕಮ್ಮಜ್ಜಿ ಬತ್ತೀನಿ ಅಂದಿತ್ತು. ನೆನ್ನೆ ಸಾಯಂಕಾಲ ನೋಡಿದ್ರೆ ಇಂಗಾಗೋಯ್ತು.”

ಕೇಸು ಆಗಲೇ ಹಲವು ಸಲ ಮುಂದಕ್ಕೆ ಹೋಗಿತ್ತು. ಕರೆದೊಯ್ದವನು ಜಾಮೀನಿನ ಮೇಲೆ ಹೊರಗಿದ್ದ. ಸುಮ್ಮನಿರು ಎಂದು ಊರಿನವರ ಕೈಲಿ ಹೇಳಿಸುತ್ತಲೂ ಇದ್ದ.

“ಕೋರ್ಟಿನಲ್ಲಿ ಇನ್ನೊಂದು ದಿನ ಕೇಳಬಹುದು,” ಎಂದಳು ಇಂದುಜಾ ತಮಿಳಿನಲ್ಲಿ, ‘ಸಾಕ್ಷಿ’ ಎಂಬ ಒಂದು ಮಾತನ್ನು ಹಿಡಿದು. “ಕೊಟ್ಟರೂ ಕೊಡಬಹುದು, ಕೊಡದೆಯೂ ಇರಬಹುದು. ಯಾವುದಾದರೂ ಸರಿ, ನೀನು ಹೇಳಿದಂತೆ.”

ಸರಿತಾ ಗುಂಡಿಯಿಂದ ತಲೆ ಎತ್ತಿದಳು. “ಬ್ಯಾಡ. ಸಾಕ್ಷಿ ಇವತ್ತೇ ಏಳ್ತೀನಿ. ಎಷ್ಟು ದಿನ ಒಟ್ಟೇಲಿ ಇಟ್ಕೊಂಡಿರ್ಲಿ? ಆದ್ರೆ ಆಚೆ ಬಂದಾಗ ನಮ್ ಕನ್ನಡ ಮಾತಾಡೋರು ಒಬ್ರು ಇರ್ಬೇಕು.”

“ನಾ ಬರ್ಲಾ?” ಎಂದಳು ವಾಣಿ.

ಸರಿತಾ ಗುಂಡಿಯ ಅಂಚು ಹಿಡಿದು ಮೇಲೆ ಹತ್ತಿದಳು. “ಬಾ ಅಕ್ಕಾ. ಏನೂ ಕೇಳ್ಬ್ಯಾಡ, ಅಷ್ಟೇ.”

ತಿಮ್ಮರಾಜು ಕೇಳಿಸಿಕೊಂಡು ಒಳಗೆ ಬಂದ. “ಸೂತಕ ಇಟ್ಕೊಂಡು ಕೋರ್ಟಿಗಾ? ಉಚ್ಚಾ ನಿಂಗೆ? ಬೀದಿ ಜನ ಉಗೀತಾರೆ.”

“ಎಂಗಸ್ರು ಸುಡುಗಾಡಿಗೆ ಬರಬಾರ್ದು ಅಂತ ನೀ ಅಂದೆ, ನಾ ಸರಿ ಅಂದೆ. ಕೋರ್ಟಿಗೂ ಬರಬಾರ್ದು ಅಂತ ಯಾರ್ ಬರೆದಿಟ್ಟವ್ರೆ ಮಾವ?”

“ನೀರಾಕ್ಬೇಕು, ಮನೆ ತೊಳೀಬೇಕು. ಅದನ್ಯಾರು ಮಾಡ್ತಾರೆ?”

“ಓ, ನೀನೇ ತೊಳಿಯೋನಂಗೆ!” ಎಲ್ಲಮ್ಮ ಮೂಗೊರೆಸಿಕೊಂಡು ನಡುವೆ ಬಂದಳು. “ಪೊರಕೆ ಯಾವ ಕಡೆಯಿಂದ ಇಡೀಬೇಕು ಗೊತ್ತಾ ನಿಂಗೆ? ತೊಳಿಯೋಕೆ ನಾವಿದೀವಿ. ನೀ ಓಗಮ್ಮ. ನಿಮ್ಮವ್ವ ಮಾತು ಕೊಟ್ಟವ್ಳೆ.”

ತಿಮ್ಮರಾಜು ಇನ್ನೇನೋ ಹೇಳಹೊರಟಾಗ ಹೊರಗೆ ತಮಟೆ ಶುರುವಾಯಿತು.

ಅಂಕಮ್ಮನನ್ನು ಎತ್ತಿದರು. ಬೀದಿಯ ತಿರುವಿನ ತನಕ ಹೆಂಗಸರು ಹೋಗಿ ನಿಂತರು. ಸರಿತಾ ಎಲ್ಲರಿಗಿಂತ ಹಿಂದೆ, ಯಾರ ಮೈಯೂ ತಾಗದ ಕಡೆ ನಿಂತು ಕೈ ಮುಗಿದಳು. ತಮಟೆಯ ಸದ್ದು ಅಡಗಿದ ಮೇಲೆ ವಾಣಿ ಬಚ್ಚಲಿಗೆ ಹೋಗಿ ತಲೆಯ ಮೇಲೆ ಕೊಡ ಕೊಡ ನೀರು ಸುರಿದುಕೊಂಡಳು. ಕೂದಲು ಆರಿಸಿಕೊಳ್ಳಲು ಹೊತ್ತಿರಲಿಲ್ಲ.

*

ಜಾಮೀನಿನ ಮೇಲಿದ್ದ ಆ ಮನುಷ್ಯ ಎದುರಾಗದಂತೆ ಇಂದುಜಾ, ವಕೀಲೆ, ಪೊಲೀಸಿನ ಹೆಂಗಸು ಮೂವರೂ ಮೊದಲೇ ಮಾತಾಡಿಕೊಂಡಿದ್ದರು. ಸರಿತಾಳನ್ನು ಕೋರ್ಟಿನ ಹಿಂದಿನ ಬಾಗಿಲಿನಿಂದ ಕರೆದೊಯ್ದರು. ಯಾವ ಕೋಣೆ, ಒಳಗೆ ಯಾರಿರುತ್ತಾರೆ, ನೀರು ಬೇಕೆಂದರೆ ಹೇಗೆ ಕೇಳಬೇಕು ಎಂದು ವಕೀಲೆ ಮತ್ತೊಮ್ಮೆ ಹೇಳಿದಳು. ಸರಿತಾ ತಲೆಯಾಡಿಸುತ್ತಾ ವರಾಂಡದ ಬೆಂಚನ್ನು ನೋಡಿದಳು.

“ಅಕ್ಕಾ, ಆ ತುದಿ. ಬಾಗ್ಲು ತೆಗೆದ್ರೆ ಕಾಣ್ಬೇಕು.”

ವಾಣಿ ಹೋಗಿ ಆ ತುದಿಯಲ್ಲಿ ಕುಳಿತಳು. ಸರಿತಾ ಇಂದುಜಾಳ ಜೊತೆ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಒಂದಷ್ಟು ಹೊತ್ತಿಗೆ ನೆಲ ಒರೆಸುವವನು ಬಂದು ನಿಂತ. ವಾಣಿಯ ಜಡೆಯಿಂದ ತೊಟ್ಟಿಕ್ಕಿದ ನೀರು ಬೆಂಚಿನ ಕೆಳಗೆ ಹರಡಿತ್ತು.

“ಏನಮ್ಮಾ ಇದು, ಯಾರಾದರೂ ಜಾರಿ ಬಿದ್ದರೆ? ಎದ್ದು ಬಿಸಿಲಿನ ಕಡೆ ಕೂತ್ಕೊ,” ಎಂದ ತಮಿಳಿನಲ್ಲಿ.

“ಒರೆಸ್ಕೊಳ್ಳಣ್ಣ,” ಎಂದಳು ವಾಣಿ, ತಮಿಳಿನಲ್ಲೇ. “ನಾನು ಏಳೋ ಹಾಗಿಲ್ಲ.”

ಅವನು ಗೊಣಗುತ್ತಾ ಬಗ್ಗಿದ. ಅವಳು ಎರಡೂ ಕಾಲುಗಳನ್ನು ಮೇಲಕ್ಕೆತ್ತಿ ಹಿಡಿದುಕೊಂಡು, ಬಾಗಿಲಿನಿಂದ ಕಣ್ಣು ಕೀಳದೆ, ಅಲ್ಲೇ ಕುಳಿತಿದ್ದಳು.

ಒಳಗೆ ಸರಿತಾ ಏನು ಹೇಳಿದಳು, ಎಷ್ಟು ಹೇಳಿದಳು ಎಂಬುದು ವಾಣಿಗೆ ಗೊತ್ತಿಲ್ಲ. ಅವಳು ಕೇಳಿಲ್ಲ. ತೀರ್ಪು ಇನ್ನೂ ಬಂದಿಲ್ಲ.