ಒಳಗೇ ನಿಲ್ಲಬೇಕಾದ ಗುಂಡು

ವೆಂಡೆಲ್‌ನ ಕೈ ಕಂಡರೇ ಅರ್ಲೀನಳಿಗೆ ಹೇಸಿಗೆ. ಅದು ಎಲ್ಲೆಲ್ಲೂ ತೂರುವ ಕೈ: ಇನ್ನೊಬ್ಬರ ತಟ್ಟೆಗೆ, ಇನ್ನೊಬ್ಬರ ಡಬ್ಬಿಗೆ, ಇನ್ನೊಬ್ಬರ ಕೆಲಸಕ್ಕೆ. ಗಂಡ ಹಾಯ್ಟನ ಬೆನ್ನಿಗೆ ಬಿದ್ದ ತಮ್ಮನೆಂದು ಸಹಿಸಿಕೊಂಡಿದ್ದಳು, ಅಷ್ಟೇ.

ಅಮೆರಿಕದ ಅರ್ಕಾನ್ಸಾಸಿನ ಆ ನದಿ ತಗ್ಗಿನಲ್ಲಿ ಕಾಡುಹಂದಿಗಳದ್ದೇ ದರ್ಬಾರು. ಅವನ್ನು ಹೊಡೆಯಲು ಹೋಗುವ ಗಂಡಸರಿಗೆ ಅಜ್ಜನ ಕಾಲದ ಕರಿಮದ್ದಿನ ರಿವಾಲ್ವರೇ ಬೇಕು. ಅದೊಂದು ಜಂಬ. ಅದಕ್ಕೆ ಸೀಸ ಕರಗಿಸಿ ಅಚ್ಚಿನಲ್ಲಿ ಗುಂಡು ಎರೆದುಕೊಡುವವಳು ಅರ್ಲೀನ್. ಹಳೇ ನೀರಿನ ಕೊಳವೆಯ ಮೆತ್ತನೆ ಸೀಸ ಬಿಟ್ಟರೆ ಬೇರೇನನ್ನೂ ಅವಳು ಮುಟ್ಟುತ್ತಿರಲಿಲ್ಲ. ಉಗುರಲ್ಲಿ ಕೆರೆದರೆ ಗೀರು ಬೀಳುವಂಥ ಸೀಸ. ಅಂಥ ಗುಂಡು ಹಂದಿಯ ಮೈಗೆ ಹೊಕ್ಕೊಡನೆ ಅಣಬೆಯ ಹಾಗೆ ಅರಳಿ ಒಳಗೇ ನಿಲ್ಲುತ್ತದೆ. ನಿಲ್ಲಲೇಬೇಕು. ಯಾಕೆಂದರೆ ಹಂದಿಯ ಆಚೆ ಬದಿಯಲ್ಲಿ ಅದರ ಕಿವಿ ಕಚ್ಚಿಕೊಂಡು ನಾಯಿ ನಿಂತಿರುತ್ತದೆ. ಅರ್ಲೀನಳ ನಾಯಿ, ರಸ್ಟಿ.

ಒಂದು ಶುಕ್ರವಾರ ಶೆಡ್ಡಿನಲ್ಲಿ ಸೀಸ ಕರಗುತ್ತಿದ್ದಾಗ ಅಡುಗೆಮನೆಯ ಒಲೆಯ ಮೇಲಿನ ಹುರುಳಿಕಾಯಿ ಸೀಯುವ ವಾಸನೆ ಬಂದು ಅವಳು ಒಳಗೆ ಓಡಿದ್ದಳು. ಶೆಡ್ಡಿನಲ್ಲಿ ವೆಂಡೆಲ್ ಒಬ್ಬನೇ ಇದ್ದ. ತಿರುಗಿ ಬಂದು ಎರೆದರೆ ಗುಂಡುಗಳು ಚಮಚದ ಹಾಗೆ ಫಳಫಳ ಹೊಳೆದವು. ಶಾಖ ಹದವಾಗಿ ಕೂತಿದೆ ಎಂದು ಅವಳು ಹಿಗ್ಗಿದಳು. ತನ್ನದೇ ಸೀಸವಲ್ಲವೇ, ಉಗುರು ಹಾಕಿ ನೋಡಲಿಲ್ಲ.

ಮಾರನೇ ದಿನ ಪೊದೆಯಲ್ಲಿ ರಸ್ಟಿ ಹಂದಿಯನ್ನು ಹಿಡಿಯಿತು. ವೆಂಡೆಲ್ ಹಂದಿಯ ಹತ್ತಿರ ಹೋಗಿ ಗುಂಡು ಹಾರಿಸಿದ. ಹಂದಿ ಬಿತ್ತು. ಅದರ ಹಿಂದೆ ರಸ್ಟಿಯೂ ಬಿತ್ತು.

ದನದ ಡಾಕ್ಟರು ನಾಯಿಯ ಹಿಂಗಾಲನ್ನು ತೊಡೆಯವರೆಗೆ ಕತ್ತರಿಸಿ, ಗುಂಡನ್ನು ತಂದು ಅವಳ ಅಂಗೈಗೆ ಹಾಕಿದರು. ಹಂದಿಯನ್ನು ದಾಟಿ, ನಾಯಿಯ ಮೂಳೆ ಮುರಿದಿದ್ದರೂ ಗುಂಡಿನ ಮೂತಿ ಅಚ್ಚಿನಿಂದ ಬಿದ್ದ ಹಾಗೇ ಇತ್ತು. ಅಷ್ಟು ಹೊತ್ತೂ ತನ್ನ ಕೈಯೇ ತಪ್ಪಿತೇನೋ ಎಂದು ಬೇಯುತ್ತಿದ್ದವಳು ಉಗುರು ಒತ್ತಿದಳು. ಗೀರು ಬೀಳದೆ ಉಗುರು ಜಾರಿತು.

ಡಾಕ್ಟರ ಅಂಗಳದಲ್ಲಿ ತಂಬಾಕು ಉಗುಳುತ್ತ ನಿಂತಿದ್ದ ವೆಂಡೆಲ್‌ನನ್ನು ಕೇಳಿದರೆ ಅವನು ಮುಚ್ಚಿಡಲೂ ಇಲ್ಲ. ಟಯರ್ ಅಂಗಡಿಯಲ್ಲಿ ಬಿದ್ದಿದ್ದ, ಚಕ್ರದ ತೂಕ ಸಮ ಮಾಡುವ ಗಟ್ಟಿ ಸೀಸದ ಬಿಲ್ಲೆಗಳನ್ನು ಒಂದು ಬೊಗಸೆ ಅವಳ ಪಾತ್ರೆಗೆ ಹಾಕಿದ್ದನಂತೆ. ಗಟ್ಟಿ ಇದ್ದಷ್ಟೂ ಒಳ್ಳೆಯದಂತೆ. ರಿವಾಲ್ವರಿಗೆ ತುಂಬುವಾಗ ಗುಂಡು ಕೂರದೆ ಸತಾಯಿಸಿತಂತೆ, ಇವನು ಮೊಣಕಾಲಿಗೆ ಕೊಟ್ಟು ಅದುಮಿ ತುರುಕಿದನಂತೆ.

"ಅಷ್ಟು ಬಿಗಿಯಾಗಿದ್ದಾಗ್ಲೂ ನಿಂಗೆ ಅನುಮಾನ ಬರ್ಲಿಲ್ವಾ?" ಎಂದಳು.

"ನೀನು ಎರೆದಿದ್ದು ತಾನೆ ಅಂದ್ಕೊಂಡೆ. ಹೋಗ್ಲಿ ಬಿಡೆ ಅರ್ಲೀನ್, ಮರಿ ತಂದ್ಕೊಡ್ತೀನಿ," ಎಂದು ತುಟಿಯ ಕಂದು ರಸವನ್ನು ಅಂಗಿಯ ತೋಳಿಗೆ ಒರೆಸಿಕೊಂಡ.

ಮನೆಯಲ್ಲಿ ಹಾಯ್ಟ್ ಅದೇ ಹಾಡು ಹಾಡಿದ: ಒಡಹುಟ್ಟಿದವನು, ಬೇಕೆಂದು ಮಾಡಿದ್ದಲ್ಲ, ಬಿಟ್ಟುಬಿಡು. ಅಣ್ಣತಮ್ಮ ಇಬ್ಬರೂ ಸೇರಿ ಅವಳ ಸಿಟ್ಟನ್ನೇ ದೊಡ್ಡ ತಪ್ಪು ಮಾಡಿದರು. ಈ ಮನೆಯವರ ಒಳ್ಳೆಯತನವೂ ಹಳಸಿದ ಅನ್ನದ ಹಾಗೆ ಅಂಟಂಟು ಎನಿಸಿತು ಅವಳಿಗೆ.

ರಸ್ಟಿ ಮೂರು ಕಾಲಲ್ಲಿ ಕುಂಟುವುದನ್ನು ಕಲಿತ ಮೇಲೆ ಒಂದು ಬೆಳಿಗ್ಗೆ ವೆಂಡೆಲ್‌ನ ಲಾರಿ ಅಂಗಳಕ್ಕೆ ಬಂತು. ಇಳಿದವನು ಗುಂಡು ತುಂಬಿಕೊಡೆಂದು ಖಾಲಿ ಡಬ್ಬಿ ಚಾಚಿದ. ಏನೂ ಆಗಿಲ್ಲವೆಂಬಂತೆ ಬೇಟೆಗೆ ಹೊರಟಿದ್ದ. ಅವಳು ಬಾಯಿ ತೆರೆಯುವಷ್ಟರಲ್ಲಿ ರಸ್ಟಿ ಮೆಟ್ಟಿಲಿಂದ ಉರುಳುತ್ತ ಏಳುತ್ತ ಹೋಗಿ, ಬಾಲವಾಡಿಸುತ್ತ, ಅವನ ಆ ಕೈಯನ್ನೇ ನೆಕ್ಕತೊಡಗಿತು. ಅರ್ಲೀನ್ ಕರೆದರೂ ತಿರುಗಲಿಲ್ಲ. ಅವಳಿಗೆ ಮೊಟ್ಟಮೊದಲ ಸಲ ತನ್ನ ನಾಯಿಯ ಮೇಲೂ ಅಸಹ್ಯ ಹುಟ್ಟಿತು.

"ನೋಡಿದ್ಯಾ, ಕಾಲು ಕಳ್ಕೊಂಡಿದ್ದೇ ಮರ್ತಿದೆ. ನಿಂದೇ ಜಾಸ್ತಿಯಾಯ್ತು," ಎಂದು ವೆಂಡೆಲ್ ನಕ್ಕ.

ಅವಳು ಕೆಳಗಿಳಿದು ಹೋಗಿ ರಸ್ಟಿಯನ್ನು ಎತ್ತಿಕೊಂಡಳು. ಎದೆಗೊತ್ತಿದರೂ ಅದು ಅವನ ಕಡೆಗೇ ಕತ್ತು ಚಾಚುತ್ತಿತ್ತು.

"ಅದು ನಾಯಿ, ವೆಂಡೆಲ್," ಎಂದಳು. "ನಾನಲ್ಲ. ಡಬ್ಬಿ ತಗೊಂಡು ಲಾರಿ ಹತ್ತು."