ಬೆಂಡಿನ ಬೆಸುಗೆಯ ಅಜ್ಜಿ

ಜೆಲ್ಲು ಕೈಗವಸಿನ ಅಂಚು ದಾಟಿ ಒಳಗೆ ಇಳಿಯುತ್ತಿದೆ, ತಣ್ಣಗೆ, ಮಣಿಕಟ್ಟಿನಿಂದ ಮೊಣಕೈ ಕಡೆಗೆ, ಒರೆಸಿಕೊಳ್ಳುವ ಹಾಗಿಲ್ಲ, ಒರೆಸಲು ಹೋದರೆ ಪೈಪಿನೊಳಗಿನ ಬಿರುಕು ಹುಡುಕುವ ಪ್ರೋಬು ಜಾರುತ್ತದೆ, ಜಾರಿದರೆ ಮತ್ತೆ ಮೊದಲಿನಿಂದ — ಇಳಿಯಲಿ ಬಿಡು, ಹೊರಗೆ ಹೋದ ಮೇಲೆ ಸ್ನಾನವಂತೂ ಇದ್ದೇ ಇದೆ. ಕಾಗದದಂಥ ಬಿಳಿ ಅಂಗಿಯೊಳಗೆ ಬೆವರು, ಬೆನ್ನ ಕೆಳಗೆ ಅಟ್ಟಣಿಗೆಯ ಹಲಗೆ, ಮೂಗಿನ ಮುಂದೆ ಪೈಪು, ಎರಡೂ ಕೈ ಹಾಕಿ ತಬ್ಬಿಕೊಂಡರೂ ಬೆರಳಿಗೆ ಬೆರಳು ತಾಗದಷ್ಟು ದಪ್ಪ, ಈ ವಯಸ್ಸಿನಲ್ಲಿ ಅಂಗಾತ ಮಲಗಿ ಪೈಪಿನ ಜೊತೆ ಸಂಸಾರ ಮಾಡ್ತೀಯಲ್ಲೇ ನಿಲ್ದಾ ಎಂದು ತೀತೊ ನಗುತ್ತಾನೆ, ನಗಲಿ, ಗಂಡನಾದವನಿಗೆ ಅಷ್ಟಾದರೂ ಬೇಡವೆ. ಒಂದು ಗುಟುಕು ಬಿಸಿ ಮಾಟೆ ಕಷಾಯ ಸಿಕ್ಕಿದ್ದರೆ. ಇಲ್ಲಿ ನೀರು ಕುಡಿಯುವುದಕ್ಕೂ ಇಲ್ಲ, ಮಾಟೆ ಕುಡಿಯುವ ಸೋರೆ ಬುರುಡೆಯ ಕನಸು ಕಾಣಬಹುದು ಅಷ್ಟೆ. ಸಣಕಲಿ, ಎಲ್ಲಿದ್ದೀಯೇ — ಕಿವಿಯ ಇಯರ್‌ಫೋನಿನಲ್ಲಿ ಎವರಿಸ್ತೊ ಮೇಷ್ಟ್ರು, ದಪ್ಪ ಗೋಡೆಯ ಆಚೆ, ವಿಕಿರಣ ಕಡಿಮೆ ಇರುವ ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ನಾನು ಕೆಲಸಕ್ಕೆ ಸೇರಿದಾಗ ಕಡ್ಡಿಯ ಹಾಗಿದ್ದೆ, ಈಗ ಅಟ್ಟಣಿಗೆ ನನ್ನ ಭಾರಕ್ಕೆ ಕಿರುಗುಟ್ಟಿದರೂ ಅವರ ಬಾಯಲ್ಲಿ ಸಣಕಲಿಯೇ. ಬೆಂಡಿನ ಹತ್ರ ಬಂದೆ ಮೇಷ್ಟ್ರೇ ಎಂದೆ. ಹಂಗಾದ್ರೆ ಅಜ್ಜಿಗೆ ನನ್ನ ನಮಸ್ಕಾರ ಹೇಳು, ಭಾನುವಾರ ಊಟಕ್ಕೆ ಕರ್ದಿದೀನಿ ಅಂತಾನೂ ಹೇಳು, ಹಲ್ಲಿಲ್ದಿದ್ರೆ ಮೆತ್ತಗಿರೋ ಮಾಂಸದ ತುಂಡೇ ಕೊಡ್ಸೋಣ, ಎಂದರು. ಅಜ್ಜಿ ಎಂದರೆ ಹೆಂಗಸಲ್ಲ, ಪರದೆಯ ಗೆರೆಯಲ್ಲಿ ಏಳುವ ಒಂದು ಕೋಡು. ಈ ಅಣುವಿದ್ಯುತ್ ಸ್ಥಾವರ ಕಟ್ಟುವಾಗ, ಈ ನೇರ ಪೈಪಿಗೆ ಬೆಂಡನ್ನು, ಅಂದರೆ ಬಾಗಿದ ತುಂಡನ್ನು, ಕೂಡಿಸುವಾಗ, ಬೆಸುಗೆಯವನ ಕೈ ಒಂದಿಷ್ಟು ಭಾರವಾಯಿತಂತೆ, ಒಳಮೈಯಲ್ಲಿ ಲೋಹ ಮುದುಕಿಯ ಕೆಳತುಟಿಯ ಹಾಗೆ ಜೋತುಬಿದ್ದಿದೆ, ಪ್ರೋಬಿನ ಸದ್ದು ಉಕ್ಕಿನೊಳಗೆ ಹೋಗಿ ಆ ತುಟಿಗೆ ಬಡಿದು ವಾಪಸು ಬರುತ್ತದೆ, ಪರದೆಯ ಮೇಲೆ ಕೋಡು ಏಳುತ್ತದೆ. ಕೇಡಿಲ್ಲದ ಕೋಡು. ಹೆಸರಿಟ್ಟವರು ಮೇಷ್ಟ್ರೇ. ಹೊಸಬರು ಯಾರು ಬಂದರೂ ಮೊದಲು ಅಜ್ಜಿಯ ಮುಂದೆ ನಿಲ್ಲಿಸಿ ಪರಿಚಯ ಮಾಡಿಸುತ್ತಾರೆ, ಪೈಪಿನ ಮೇಲೆ ಬೆರಳಿನಿಂದ ತಟ್ಟಿ ಚೆನ್ನಾಗಿದ್ದೀಯಾ ಅಜ್ಜಿ ಎಂದು ಕೇಳಬೇಕು, ಕೇಳಿ ಮುಂದೆ ಹೋಗಬೇಕು, ನಾವೆಲ್ಲ ಹಾಗೆಯೇ ತಟ್ಟಿ, ಕೇಳಿ, ಮುಂದೆ ಹೋದವರು. ಇದ್ದಾಳೆ, ಅಲ್ಲೇ ಇದ್ದಾಳೆ, ಯಾವಾಗಲೂ ಇರುವಷ್ಟೇ ಎತ್ತರ. ಆದರೆ ಅವಳ ಮುಂದೆ ಯಾರದು, ಅವಳ ಸೊಂಟದಷ್ಟೂ ಇಲ್ಲ, ಸಣ್ಣದು, ಚೂಪು, ಅವಳಿಗಿಂತ ಒಂದು ಕೂದಲಿನಷ್ಟು ಮೊದಲು ಬಂದು ನಿಂತಿದೆ.

ಗುಳ್ಳೆ ಇರಬೇಕು. ಜೆಲ್ಲಿನಲ್ಲಿ ಗಾಳಿ ಸೇರಿದರೆ ಇಲ್ಲದ್ದೆಲ್ಲ ಕಾಣುತ್ತದೆ. ಒರೆಸಿದೆ, ಹೊಸ ಜೆಲ್ಲು ಹಚ್ಚಿದೆ, ಹೋಗಲಿಲ್ಲ. ಪ್ರೋಬನ್ನು ಹಿಂದಕ್ಕೆ ಎಳೆದೆ, ಮೆಲ್ಲಗೆ, ಅಜ್ಜಿ ಕುಗ್ಗುತ್ತಾಳೆ, ಸಣ್ಣದು ಏಳುತ್ತದೆ, ಮುಂದಕ್ಕೆ ತಳ್ಳಿದೆ, ಸಣ್ಣದು ಕುಗ್ಗುತ್ತದೆ, ಅಜ್ಜಿ ಏಳುತ್ತಾಳೆ — ಒಬ್ಬರು ಕೂತರೆ ಒಬ್ಬರು ಏಳುವ ಈ ಆಟ ನನಗೆ ಗೊತ್ತು, ಇದನ್ನು ಕಲಿಸಿದವರೂ ಮೇಷ್ಟ್ರೇ, ಅವರ ಮನೆಯ ಅಂಗಳದಲ್ಲಿ, ದ್ರಾಕ್ಷಿ ಚಪ್ಪರದ ಕೆಳಗೆ, ಬೇಕೆಂದೇ ಸೀಳಿಸಿದ ಪೈಪಿನ ತುಂಡನ್ನು ಊಟದ ಮೇಜಿನ ಮೇಲಿಟ್ಟು, ಅವರ ಹೆಂಡತಿ ದೆಲ್ಫೀನಾ ಅಮ್ಮ ಮೇಜುಬಟ್ಟೆಗೆ ಜೆಲ್ಲು ಅಂಟಿತು ಎಂದು ಬೈಯುತ್ತಿರುವಾಗ ಮೇಷ್ಟ್ರು ಹೇಳಿದ್ದರು, ನೋಡು, ಬಿರುಕಿಗೆ ಬುಡ ಇರುತ್ತೆ, ತುದಿ ಇರುತ್ತೆ, ತುದಿ ನಮಗೆ ಹತ್ರ, ಅದ್ಕೇ ಅದು ಮೊದ್ಲು ಬರುತ್ತೆ, ಬುಡ ಎಷ್ಟು ಗಲಾಟೆ ಮಾಡಿದ್ರೂ ನೀನು ತುದೀನ ಹುಡುಕು, ತುದಿ ಮೆತ್ತಗೆ ಮಾತಾಡುತ್ತೆ. ಮೆತ್ತಗೆ ಮಾತಾಡುತ್ತಿದೆ ಮೇಷ್ಟ್ರೇ. ಬುಡ ಅಜ್ಜಿಯ ಲಂಗದೊಳಗೆ ಅಡಗಿ ಕೂತಿದೆ, ತುದಿ ಮಾತ್ರ ಹೊರಗೆ ಇಣುಕುತ್ತಿದೆ. ಹೋದ ಸಲ ಸ್ಥಾವರ ನಿಲ್ಲಿಸಿದಾಗ ಈ ಬೆಸುಗೆ ನೋಡಿದವರು ಅವರೇ, ಅದರ ಹಿಂದಿನ ಸಲವೂ, ಅದರ ಹಿಂದೆಯೂ, ಬೆಂಡಿನ ಬೆಸುಗೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟವರೇ ಅಲ್ಲ, ಈ ಸಲ ಮೊಣಕಾಲು ಏಣಿ ಹತ್ತಲು ಒಪ್ಪಲಿಲ್ಲ ಎಂದು ನನಗೆ ಕೊಟ್ಟರು. ಎವರಿಸ್ತೊ ನೋಡಿ ಸರಿ ಅಂದರೆ ಸರಿ, ಊರಲ್ಲಿ ಕಟಿಂಗ್ ಅಂಗಡಿಯವನಿಗೂ ಗೊತ್ತು ಈ ಮಾತು. ಭಾನುವಾರ ಕ್ಲಬ್ಬಿನಲ್ಲಿ ಅವರ ನಿವೃತ್ತಿಯ ಬೀಳ್ಕೊಡುಗೆ, ಕುರಿ ಆಗಲೇ ಗೊತ್ತುಮಾಡಿದ್ದಾಗಿದೆ, ತೀತೊ ಸೌದೆ ತರಲು ಹೋಗಿದ್ದಾನೆ, ದೆಲ್ಫೀನಾ ಅಮ್ಮ ಹೊಸ ಉಡುಪು ಹೊಲಿಸಿದ್ದಾರೆ, ನೀಲಿಯದು, ಫೋನಿನಲ್ಲಿ ಫೋಟೋ ಕಳಿಸಿ ಹೆಂಗಿದೆ ಮಗಳೇ ಎಂದು ಕೇಳಿದರು. ಇದೂ ಅಜ್ಜಿಯೇ ಎಂದು ನಾನು ಹೇಳಿದರೆ ಮುಗಿಯಿತು, ಪೈಪಿನೊಳಗೆ ಮತ್ತೆ ಬಿಸಿನೀರು, ಮತ್ತೆ ಒತ್ತಡ, ಮತ್ತೆ ಊರಿಗೆಲ್ಲ ದೀಪ, ಎಲ್ಲರೂ ಚೆನ್ನಾಗಿ ಉಂಡು ಎದ್ದು ಹೋಗುತ್ತಾರೆ. ನನಗೆ ಹೆದರಿಕೆ. ಪೈಪಿನದಲ್ಲ, ಪೈಪು ಇವತ್ತು ತಣ್ಣಗಿದೆ, ಖಾಲಿ ಇದೆ. ಆ ಕುರ್ಚಿಯಲ್ಲಿ ಕೂತವರ ಹೆದರಿಕೆ.

ಏನೇ, ಅಜ್ಜಿ ಜೊತೆ ಹರಟೆಗೆ ಕೂತ್ಯಾ, ಬೇಗ ಬಾ, ಅಲ್ಲಿ ಜಾಸ್ತಿ ಹೊತ್ತು ಇರ್ಬಾರ್ದು. ಬಂದೆ ಮೇಷ್ಟ್ರೇ, ಒಂದು ನಿಮಿಷ ಎಂದೆ, ಎದೆಯ ಮೇಲಿನ ವಿಕಿರಣದ ಮೀಟರು ಕೀಚುಗುಟ್ಟುತ್ತಿದೆ, ಗುಬ್ಬಿಯೇ, ಸುಮ್ಮನಿರು. ಇನ್ನೊಂದು ದಾರಿ ಇದೆ, ಬೆಂಡಿನ ಕಡೆಯಿಂದ ನೋಡುವುದು, ಆ ಕಡೆ ಯಾರೂ ನೋಡುವುದಿಲ್ಲ, ಮೈ ಸೊಟ್ಟ, ಪ್ರೋಬು ಸರಿಯಾಗಿ ಕೂರುವುದಿಲ್ಲ, ತೋಳು ತಿರುಚಿಕೊಂಡು ಗೋಡೆಗೂ ಪೈಪಿಗೂ ನಡುವೆ ತೂರಿಸಬೇಕು, ತೂರಿಸಿದೆ, ಭುಜದಲ್ಲಿ ಚಳುಕು ಹೊಡೆಯಿತು, ಆ ಕಡೆಯಿಂದ ಅಜ್ಜಿ ಕಾಣುವುದಿಲ್ಲ, ಅವಳ ತುಟಿ ಜೋತಿರುವುದು ಒಂದೇ ಕಡೆಗೆ, ಹಾಗಾಗಿ ಪರದೆ ಖಾಲಿ ಇದ್ದರೆ ಎಲ್ಲ ನನ್ನ ಭ್ರಮೆ, ಖಾಲಿ ಇರಲಿ, ದೇವರೇ, ಖಾಲಿ ಇರಲಿ, ಲುಹಾನಿನ ಇಗರ್ಜಿಯ ತಾಯಿಗೆ ಮೇಣದಬತ್ತಿ ಹಚ್ಚುತ್ತೇನೆ — ಖಾಲಿ ಇಲ್ಲ. ಅಜ್ಜಿ ಇಲ್ಲ, ಅದು ಇದೆ. ಒಂಟಿಯಾಗಿ, ಬುಡ ತುದಿ ಎರಡೂ ತೋರಿಸಿಕೊಂಡು, ನಾಚಿಕೆಯಿಲ್ಲದೆ ನಿಂತಿದೆ. ಮೇಷ್ಟ್ರೇ, ಎಂದೆ, ಇದು ಅಜ್ಜಿ ಒಬ್ಬಳೇ ಅಲ್ಲ. ಏನಂದೆ. ಬಿರುಕು ಇದೆ. ಜೆಲ್ಲು ಒರೆಸಿ ನೋಡು, ಗುಳ್ಳೆ ಇರುತ್ತೆ. ಒರೆಸಿದೆ. ನಿಂಗೆ ಕನ್ನಡಕ ಬಂದಿದೆ ಕಣೇ, ಹಾಕ್ಕೊಂಡಿದ್ಯಾ. ಹಾಕ್ಕೊಂಡಿದೀನಿ. ಚೆ, ಹೋದ ಸಲ ನಾನೇ ನೋಡಿದ್ನಲ್ಲೇ, ಏನೂ ಇರ್ಲಿಲ್ಲ. ಗೊತ್ತು ಮೇಷ್ಟ್ರೇ. ಬೆಂಡಿನ ಕಡೆಯಿಂದ? ಅಲ್ಲಿಂದ್ಲೂ ನೋಡ್ದೆ. ಅಲ್ಲೂ? ಅಲ್ಲೂ ಇದೆ. ಮೇಷ್ಟ್ರು ಬೈಯಲಿ, ನಿನಗೇನು ಗೊತ್ತು ಎನ್ನಲಿ, ಎದ್ದು ಬಾ ಅಲ್ಲಿಂದ ಎನ್ನಲಿ, ಅಜ್ಜಿ ಅಂತಲೇ ಬರೆದುಕೊಳ್ಳುತ್ತೇನೆ ಎನ್ನಲಿ, ಹಾಗೆಂದರೆ ನಾನೇನು ಮಾಡುತ್ತಿದ್ದೆ, ಗೊತ್ತಿಲ್ಲ, ನಿಜವಾಗಿ ಗೊತ್ತಿಲ್ಲ. ಕುರ್ಚಿ ಸರಿದ ಸದ್ದು ಕೇಳಿತು. ನಿಲ್ದಾ, ಎಂದರು. ಸಣಕಲಿ ಅನ್ನಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಹೆಸರು ಅವರಿಗೆ ಗೊತ್ತಿದೆ ಎಂಬುದೇ ನನಗೆ ಮರೆತುಹೋಗಿತ್ತು, ಅಳು ಬಂತು, ಮುಖದ ಮೇಲೆ ಮುಸುಕು ಇರುವಾಗ ಅಳುವುದೂ ಕಷ್ಟ, ಕನ್ನಡಕ ಮಬ್ಬಾಗುತ್ತದೆ. ನಿಲ್ದಾ, ಉದ್ದ ಹೇಳು.

ಉದ್ದ. ಇಬ್ಬರಿಗೂ ಗೊತ್ತು ಯಾಕೆಂದು, ಬಾಯಿಬಿಟ್ಟು ಹೇಳಬೇಕಾಗಿಲ್ಲ. ಗಿಡ್ಡವಾದರೆ ಹೊಸದು, ಹೋದ ಸಲ ಮೇಷ್ಟ್ರು ನೋಡಿ ಹೋದ ಮೇಲೆ ಹುಟ್ಟಿದ್ದು, ಅವರ ಕಣ್ಣಿನದಲ್ಲ ತಪ್ಪು, ಪೈಪು ಕತ್ತರಿಸಿ ಬೇರೆ ಹಾಕುತ್ತಾರೆ, ಭಾನುವಾರ ಅವರು ಮೇಜಿನ ತಲೆಯಲ್ಲಿ ತಲೆಯೆತ್ತಿ ಕೂರುತ್ತಾರೆ. ಉದ್ದವಾದರೆ ಹಳೆಯದು, ಈ ಜಾತಿಯ ಬಿರುಕು ಅವಸರದ ಪ್ರಾಣಿಯಲ್ಲ, ಇಷ್ಟಿಷ್ಟೇ ಹಲ್ಲು ಊರಿಕೊಂಡು ಹೋಗುತ್ತದೆ, ಉದ್ದವಾದರೆ ಅವರು ಬೆರಳಿನಿಂದ ತಟ್ಟಿ ಚೆನ್ನಾಗಿದ್ದೀಯಾ ಎಂದು ಕೇಳಿದಾಗಲೂ ಇತ್ತು, ಲಂಗದ ಹಿಂದೆ ನಿಂತು ಅವರನ್ನೇ ನೋಡುತ್ತಿತ್ತು. ಶುರುವಾಗುವ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಪೈಪಿನ ಸುತ್ತ ಪ್ರೋಬನ್ನು ಸರಿಸಿದೆ, ಒಂದು ಬೆರಳಿನಷ್ಟು, ಕೋಡು ಇದೆ, ಅದು ಇಳಿದ ಕಡೆ ಬಿರುಕು ಮುಗಿದಂತೆ. ಇಳಿ. ಇನ್ನೊಂದು ಬೆರಳಿನಷ್ಟು, ಇದೆ. ಮುಗೀತಾ, ಎಂದರು ಮೇಷ್ಟ್ರು. ಇಲ್ಲ. ಇಳಿ, ಈಗಲಾದರೂ ಇಳಿ, ಇಲ್ಲಿಗೆ ಮುಗಿದರೂ ಹೊಸದೆಂದು ಹೇಳಬಹುದು, ಅಂಗೈ ಅಗಲ ದಾಟಿತು, ಇನ್ನು ಹೇಳಲಾಗದು, ಹೋದ ಸಲವೂ ಇದ್ದಿರಬೇಕು ಅನ್ನುವಷ್ಟು ಆಯಿತು, ಅದರ ಹಿಂದಿನ ಸಲವೂ ಅನ್ನುವಷ್ಟು ಆಯಿತು, ಈಗ? ಇಲ್ಲ ಮೇಷ್ಟ್ರೇ, ಇನ್ನೂ ಇದೆ. ಅವರ ಉಸಿರು ಕೇಳುತ್ತಿದೆ, ನಡಿ ಮುಂದೆ ಎಂದರು, ಸಣ್ಣಗೆ, ಪೈಪಿನ ಹೊಟ್ಟೆಯ ಕೆಳಗೆ ಬಂದೆ, ಕೈ ಕಾಣುವುದಿಲ್ಲ, ಪರದೆ ಮಾತ್ರ ಕಾಣುತ್ತದೆ, ಇದೆ, ಸರಿಸಿದೆ, ಇದೆ, ಈಗ ಎಂದು ಅವರು ಕೇಳುತ್ತಿಲ್ಲ, ಸರಿಸಿದೆ, ಅಜ್ಜಿ, ಅವಳ ಮುಂದೆ ಸಣ್ಣ ಚೂಪು ಕೋಡು, ಸರಿಸಿದೆ, ಅಜ್ಜಿ, ಸಣ್ಣ ಕೋಡು, ಇಳಿಯುತ್ತಿಲ್ಲ, ಸರಿಸಿದೆ, ಸಣ್ಣ ಕೋಡು —